ಒಂದೇ ಕಚೇರಿಯ ಕಂಪ್ಯೂಟರುಗಳು ಒಂದಕ್ಕೊಂದು ಕಾಣದಿದ್ದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ-ಧಾರವಾಡ, ಗದಗ ಮತ್ತು ಹಾವೇರಿ ಭಾಗದ ಅಡತಿ ಅಂಗಡಿ, ಮುದ್ರಣಾಲಯ, ಡಿಟಿಪಿ ಕೇಂದ್ರ, ಲೆಕ್ಕಪರಿಶೋಧಕರ ಕಚೇರಿ, ಟ್ಯೂಷನ್ ಕ್ಲಾಸು ಮುಂತಾದೆಡೆ ಎರಡರಿಂದ ಹತ್ತು-ಹನ್ನೆರಡು ಕಂಪ್ಯೂಟರುಗಳನ್ನು ಒಂದು ರೌಟರಿಗೆ ಜೋಡಿಸಿಕೊಂಡು ಕೆಲಸ ಮಾಡುವವರಿಗಾಗಿ ಈ ಉತ್ತರಗಳನ್ನು ಬರೆಯಲಾಗಿದೆ. ಬೇರೆ ಹೇಳದಿದ್ದಲ್ಲಿ ಕಂಪ್ಯೂಟರುಗಳಲ್ಲಿ ವಿಂಡೋಸ್ 10 ಅಥವಾ 11 ಇದೆಯೆಂದೂ, ಎಲ್ಲರ ಖಾತೆಗಳನ್ನು ಒಂದೆಡೆಯಿಂದ ನೋಡಿಕೊಳ್ಳುವ ಪ್ರತ್ಯೇಕ ಡೊಮೇನ್ ಸರ್ವರ್ ಇಲ್ಲವೆಂದೂ ತಿಳಿಯಬೇಕು.

ಎರಡೂ ಕಂಪ್ಯೂಟರುಗಳಲ್ಲಿ ಇಂಟರ್‌ನೆಟ್ ಚೆನ್ನಾಗಿಯೇ ಬರುತ್ತಿದೆ. ಆದರೂ ನೆಟ್‌ವರ್ಕ್ ಪಟ್ಟಿಯಲ್ಲಿ ಒಂದರ ಹೆಸರು ಇನ್ನೊಂದರಲ್ಲಿ ಏಕೆ ಕಾಣುವುದಿಲ್ಲ?

ಇಂಟರ್‌ನೆಟ್ ಬರುತ್ತಿದ್ದರೆ ಆ ಕಂಪ್ಯೂಟರಿಗೆ ರೌಟರಿನವರೆಗೆ ದಾರಿ ಇದೆ ಎಂಬುದಷ್ಟೇ ಖಚಿತವಾಗುತ್ತದೆ. ಪಕ್ಕದ ಕಂಪ್ಯೂಟರಿನವರೆಗೆ ದಾರಿ ಇದೆಯೇ ಎಂಬುದನ್ನು ಬೇರೆಯಾಗಿಯೇ ನೋಡಬೇಕು. ಇದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಪಟ್ಟಿಯಲ್ಲಿ ಹೆಸರು ಕಾಣದಿದ್ದರೂ ಆ ಕಂಪ್ಯೂಟರನ್ನು ತಲುಪಲು ಸಾಧ್ಯವಿರಬಹುದು. ಫೈಲ್ ಎಕ್ಸ್‌ಪ್ಲೋರರಿನ ನೆಟ್‌ವರ್ಕ್ ಪಟ್ಟಿಯು ಪ್ರತಿಯೊಂದು ಕಂಪ್ಯೂಟರ್ ‘ನಾನಿದ್ದೇನೆ’ ಎಂದು ಸಾರುವ ಸಂದೇಶಗಳಿಂದ ತುಂಬುತ್ತದೆ. ಈ ಕೆಲಸಕ್ಕೆ ಈಗಿನ ವಿಂಡೋಸ್ ಮುಖ್ಯವಾಗಿ ಡಬ್ಲ್ಯೂಎಸ್-ಡಿಸ್ಕವರಿ ಎಂಬ ವಿಧಾನವನ್ನು, ಯುಡಿಪಿ 3702ನೇ ಪೋರ್ಟಿನ (ಸಂದೇಶಗಳಿಗಾಗಿ ಕಂಪ್ಯೂಟರಿನಲ್ಲಿರುವ, ಸಂಖ್ಯೆಯಿಂದ ಗುರುತಿಸುವ ಬಾಗಿಲು) ಮೂಲಕ ಬಳಸುತ್ತದೆ. ಫೈಲುಗಳು ಹೋಗಿ ಬರುವುದಾದರೋ ಟಿಸಿಪಿ 445ನೇ ಪೋರ್ಟಿನಲ್ಲಿ. ಹಾಜರಿ ಕೂಗಿದಾಗ ಓಗೊಡದ ಹುಡುಗ ತರಗತಿಯಲ್ಲಿಯೇ ಕುಳಿತಿರಬಹುದಾದಂತೆ, ಪಟ್ಟಿಯಲ್ಲಿಲ್ಲದ ಕಂಪ್ಯೂಟರಿನ ಫೋಲ್ಡರುಗಳು ತೆರೆಯಲು ಸಿದ್ಧವಾಗಿಯೇ ಇರಬಹುದು.

ಆದಕಾರಣ ಏನನ್ನೂ ಬದಲಿಸುವ ಮೊದಲು ಫೈಲ್ ಎಕ್ಸ್‌ಪ್ಲೋರರಿನ ಮೇಲ್ಭಾಗದಲ್ಲಿ ವಿಳಾಸ ಬರೆಯುವ ಜಾಗದಲ್ಲಿ ಇನ್ನೊಂದು ಕಂಪ್ಯೂಟರಿನ ಐಪಿ ವಿಳಾಸವನ್ನು (ನೆಟ್‌ವರ್ಕಿನಲ್ಲಿ ಅದನ್ನು ಗುರುತಿಸುವ ಸಂಖ್ಯೆ) ನೇರವಾಗಿ, ಉದಾಹರಣೆಗೆ \\192.168.1.10 ಎಂದು ಬರೆದು ಎಂಟರ್ ಒತ್ತಿ ನೋಡಬೇಕು. ಫೋಲ್ಡರುಗಳು ತೆರೆದುಕೊಂಡರೆ ಕೇಬಲ್, ರೌಟರ್, ಹೊರಗಿನಿಂದ ಬರುವ ಕರೆಗಳನ್ನು ತಡೆಯುವ ಫೈರ್‌ವಾಲ್ ಎಲ್ಲವೂ ಸಾಮಾನ್ಯವಾಗಿ ಸರಿಯಾಗಿವೆ ಎಂದರ್ಥ. ಸಾರುವ ಕೆಲಸವೊಂದೇ ನಿಂತಿದೆ. ಅಂಥ ಸಂದರ್ಭದಲ್ಲಿ ಬೇಕಾದ ಫೋಲ್ಡರನ್ನು ಒಂದು ಡ್ರೈವ್ ಅಕ್ಷರಕ್ಕೆ ಮ್ಯಾಪ್ ಮಾಡಿಕೊಂಡು ಮುಂದಿನ ಕೆಲಸ ನೋಡುವುದೇ ಮೇಲು. ಸಣ್ಣ ಕಚೇರಿಗೆ ಆ ಪಟ್ಟಿಯ ಅಗತ್ಯ ಬೀಳುವುದು ತೀರ ಕಡಿಮೆ.

ಐಪಿ ವಿಳಾಸ ಬರೆದರೂ ತೆರೆಯುವುದಿಲ್ಲ. ಪರೀಕ್ಷೆಯನ್ನು ಎಲ್ಲಿಂದ ಆರಂಭಿಸಬೇಕು?

ಎರಡೂ ಕಂಪ್ಯೂಟರುಗಳಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು, ಇಂಗ್ಲಿಷ್ ಅಕ್ಷರಗಳಲ್ಲಿ ಐಪಿಕಾನ್ಫಿಗ್ (ipconfig) ಎಂದು ಬಿಡಿಸದೆ ಬರೆದು, ಐಪಿವಿ4 ವಿಳಾಸವನ್ನೂ ಸಬ್‌ನೆಟ್ ಮಾಸ್ಕನ್ನೂ ಒಂದು ಚೀಟಿಯಲ್ಲಿ ಬರೆದುಕೊಳ್ಳಬೇಕು. ಮಾಸ್ಕ್ 255.255.255.0 ಆಗಿದ್ದರೆ ವಿಳಾಸದ ಮೊದಲ ಮೂರು ಭಾಗಗಳು ಎರಡರಲ್ಲಿಯೂ ಒಂದೇ ಆಗಿರಬೇಕು, ನಾಲ್ಕನೆಯದು ಬೇರೆಯಾಗಿರಬೇಕು. ಒಂದರಲ್ಲಿ 192.168.1.10, ಇನ್ನೊಂದರಲ್ಲಿ 192.168.1.15 ಎಂದಿದ್ದರೆ ಸರಿ. ಒಂದರಲ್ಲಿ 192.168.1 ಎಂದೂ ಇನ್ನೊಂದರಲ್ಲಿ 192.168.0 ಎಂದೂ ಇದ್ದರೆ ಎರಡು ರೌಟರುಗಳ ಪ್ರಶ್ನೆಯನ್ನು ನೋಡಿ. 169.254 ಎಂದು ಆರಂಭವಾದರೆ ಅದರ ಮುಂದಿನದನ್ನು ನೋಡಿ. ವರ್ಚುವಲ್‌ಬಾಕ್ಸ್‌ನಂಥ ತಂತ್ರಾಂಶವನ್ನು ಹಾಕಿಕೊಂಡಿದ್ದರೆ 192.168.56 ಎಂಬ ಇನ್ನೊಂದು ವಿಳಾಸವೂ ಕಾಣಬಹುದು; ಅದು ಕಂಪ್ಯೂಟರಿನ ಒಳಗಿನದು, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು.

ಎರಡು ರೌಟರುಗಳಿವೆ. ಮೇಲಿನ ಮಹಡಿಯ ಕಂಪ್ಯೂಟರಿನಿಂದ ಕೆಳಗಿನದು ತೆರೆಯುತ್ತದೆ, ಕೆಳಗಿನಿಂದ ಮೇಲಿನದು ತೆರೆಯುವುದಿಲ್ಲ. ಇದು ಹೇಗೆ ಸಾಧ್ಯ?

ನಮ್ಮ ಭಾಗದಲ್ಲಿ ಅತಿ ಹೆಚ್ಚು ಕಾಣುವ ತೊಡಕು ಇದೇ ಆಗಿರುವುದರಿಂದ ಸ್ವಲ್ಪ ವಿವರವಾಗಿ ಹೇಳಬೇಕಾಗುತ್ತದೆ. ಅಮರಗೋಳದ ಎಪಿಎಂಸಿ ಯಾರ್ಡಿನಲ್ಲಿರುವಂಥ ಒಂದು ಅಡತಿ ಅಂಗಡಿಯನ್ನು ತೆಗೆದುಕೊಳ್ಳೋಣ. ಇಂಟರ್‌ನೆಟ್ ಕಂಪನಿಯವರು ಗಲ್ಲೆಯ ಹಿಂದಿನ ಗೋಡೆಗೆ ಫೈಬರ್ ಡಬ್ಬಿಯೊಂದನ್ನು ಹಚ್ಚಿ ಹೋಗಿರುತ್ತಾರೆ. ಆ ಡಬ್ಬಿಯೊಳಗೇ ಒಂದು ರೌಟರ್ ಇರುತ್ತದೆ ಮತ್ತು ಅದು 192.168.1 ಸಾಲಿನ ವಿಳಾಸಗಳನ್ನು ಕೊಡುತ್ತಿರುತ್ತದೆ. ಮಾಳಿಗೆಯ ಮೇಲಿನ ಕೋಣೆಗೆ ವೈಫೈ ಸಾಲುವುದಿಲ್ಲವೆಂದು ಮಾಲೀಕರು ಇನ್ನೊಂದು ರೌಟರ್ ತಂದು, ಕೆಳಗಿನಿಂದ ಬಂದ ಕೇಬಲನ್ನು ಅದರ ವ್ಯಾನ್ ಎಂದು ಬರೆದಿರುವ ಪೋರ್ಟಿಗೆ ಹಾಕುತ್ತಾರೆ. ಅನೇಕ ಬಾರಿ ಆ ಪೋರ್ಟಿನ ಬಣ್ಣವೇ ಬೇರೆಯಾಗಿರುವುದರಿಂದ ಕೈ ತಾನಾಗಿ ಅಲ್ಲಿಗೇ ಹೋಗುತ್ತದೆ. ಆ ಕ್ಷಣದಿಂದ ಮೇಲಿನ ರೌಟರ್ 192.168.0 ಎಂಬ ಬೇರೊಂದು ಸಾಲನ್ನು ಹಂಚತೊಡಗುತ್ತದೆ.

ಮೇಲಿನಿಂದ ಕೆಳಗೆ ಹೋಗುವ ಕರೆಯನ್ನು ಎರಡನೆಯ ರೌಟರ್ ಇಂಟರ್‌ನೆಟ್ಟಿಗೆ ಹೋಗುವ ಕರೆಯೆಂದೇ ಭಾವಿಸಿ ದಾಟಿಸುತ್ತದೆ. ಆದ್ದರಿಂದ ಕೆಳಗಿನ ಕಂಪ್ಯೂಟರ್ ಐಪಿ ವಿಳಾಸದಿಂದ ತೆರೆಯುತ್ತದೆ. ಕೆಳಗಿನಿಂದ ಮೇಲಕ್ಕೆ ಬರುವ ಕರೆಯನ್ನು ಅದು ಹೊರಗಿನವರ ಕರೆಯೆಂದು ತಡೆಯುತ್ತದೆ. ‘ನಾನಿದ್ದೇನೆ’ ಎಂಬ ಸಂದೇಶಗಳಂತೂ ಯಾವ ದಿಕ್ಕಿನಲ್ಲಿಯೂ ದಾಟುವುದಿಲ್ಲ.

ಪರಿಹಾರ ಸುಲಭವಾಗಿದೆ. ಎರಡನೆಯ ರೌಟರಿನ ಸೆಟ್ಟಿಂಗಿನಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ ಇದ್ದರೆ ಅದನ್ನು ಆರಿಸಿಕೊಂಡರೆ ಸಾಕು. ಇಲ್ಲದಿದ್ದರೆ, ಮೊದಲು ಅದರ ಸ್ವಂತ ವಿಳಾಸವನ್ನು ಮೊದಲ ರೌಟರಿನ ಸಾಲಿಗೆ ಸೇರಿಸಿ, ಬೇರೆ ಯಾರಿಗೂ ಸಿಗದ ಸಂಖ್ಯೆಯೊಂದನ್ನು, ಉದಾಹರಣೆಗೆ 192.168.1.2 ಎಂಬುದನ್ನು ಕೊಡಬೇಕು. ಆಮೇಲೆ ಅದರ ಡಿಎಚ್‌ಸಿಪಿಯನ್ನು, ಅಂದರೆ ವಿಳಾಸ ಹಂಚುವ ಸೌಲಭ್ಯವನ್ನು, ಆಫ್ ಮಾಡಬೇಕು. ಕೊನೆಯಲ್ಲಿ ಕೇಬಲನ್ನು ವ್ಯಾನ್ ಪೋರ್ಟಿನಿಂದ ತೆಗೆದು ಲ್ಯಾನ್ ಪೋರ್ಟೊಂದಕ್ಕೆ ಹಾಕಬೇಕು. ಡಿಎಚ್‌ಸಿಪಿಯನ್ನು ಆಫ್ ಮಾಡದೆ ಕೇಬಲನ್ನಷ್ಟೇ ಬದಲಿಸಿದರೆ ವಿಳಾಸ ಹಂಚುವವರು ಇಬ್ಬರಾಗುತ್ತಾರೆ; ಆಗ ಕೆಲವು ಕಂಪ್ಯೂಟರುಗಳು ಒಂದು ದಿನ ನಡೆದು ಮರುದಿನ ನಿಲ್ಲುವ, ಹುಡುಕಲು ಬಹಳ ಕಷ್ಟವಾದ ದೋಷ ತಲೆದೋರುತ್ತದೆ.

ವಿಳಾಸವು 169.254 ಎಂದು ಆರಂಭವಾಗುತ್ತಿದೆ. ಇದನ್ನು ಕೊಟ್ಟವರು ಯಾರು?

ಯಾರೂ ಕೊಟ್ಟಿಲ್ಲ. ರೌಟರಿನಿಂದ ವಿಳಾಸ ಸಿಗದಿದ್ದಾಗ ಕಂಪ್ಯೂಟರ್ ತನಗೆ ತಾನೇ ಇಟ್ಟುಕೊಂಡ ವಿಳಾಸವದು. ಕರೆಂಟ್ ಹೋಗಿ ಬಂದಾಗ ಇದು ವಿಶೇಷವಾಗಿ ಕಾಣಿಸಿಕೊಳ್ಳುತ್ತದೆ. ಕಂಪ್ಯೂಟರುಗಳಿಗೆ ಯುಪಿಎಸ್ ಇದ್ದು ರೌಟರಿಗೂ ಸ್ವಿಚ್ಚಿಗೂ (ಹಲವು ಕಂಪ್ಯೂಟರುಗಳ ಕೇಬಲುಗಳನ್ನು ಸೇರಿಸುವ ಪೆಟ್ಟಿಗೆ) ಇಲ್ಲದಿದ್ದರೆ, ಕಂಪ್ಯೂಟರ್ ನಡೆಯುತ್ತಿರುವಾಗಲೇ ಸಂಪರ್ಕ ಕಡಿದಿರುತ್ತದೆ. ಎಲ್ಲವೂ ಒಟ್ಟಿಗೆ ಚಾಲೂ ಆದರೆ ರೌಟರ್ ಸಿದ್ಧವಾಗುವ ಮೊದಲೇ ಕಂಪ್ಯೂಟರ್ ವಿಳಾಸ ಕೇಳಿ ಮುಗಿಸಿರುತ್ತದೆ. ಕೇಬಲನ್ನು ತೆಗೆದು ಮತ್ತೆ ಹಾಕಿದರೆ ಸಾಮಾನ್ಯವಾಗಿ ಸರಿಯಾದ ವಿಳಾಸ ಬರುತ್ತದೆ. ಬರದಿದ್ದರೆ ಕೇಬಲ್ ಅಥವಾ ಸ್ವಿಚ್ಚಿನ ಪೋರ್ಟ್ ಕೆಟ್ಟಿರುವ ಸಾಧ್ಯತೆ ಇದೆ. ರೌಟರಿಗೂ ಸ್ವಿಚ್ಚಿಗೂ ಒಂದು ಸಣ್ಣ ಯುಪಿಎಸ್ ಹಚ್ಚುವುದು ಈ ಪುಟದಲ್ಲಿ ಹೇಳಿರುವ ಖರ್ಚುಗಳಲ್ಲೆಲ್ಲ ಅತ್ಯಂತ ಉಪಯುಕ್ತವಾದ ಖರ್ಚೆಂದು ನನ್ನ ಅಭಿಪ್ರಾಯ.

ಕರೆಂಟ್ ಹೋಗಿ ಬಂದ ಮೇಲೆ ವಿಳಾಸ ಸರಿಯಾದ ಸಾಲಿನಲ್ಲಿಯೇ ಇದ್ದು, ಹಿಂದೆ .10 ಇದ್ದದ್ದು .14 ಆಗಿರುವುದೂ ಉಂಟು. ಫೈಲುಗಳನ್ನು ಇಟ್ಟಿರುವ ಮುಖ್ಯ ಕಂಪ್ಯೂಟರಿಗೆ ರೌಟರಿನಲ್ಲಿ ಅಡ್ರೆಸ್ ರಿಸರ್ವೇಷನ್ ಮಾಡಿಟ್ಟರೆ ಪ್ರತಿ ಸಲವೂ ಅದೇ ವಿಳಾಸ ದೊರೆಯುತ್ತದೆ.

ಪಿಂಗ್ ಮಾಡಿದರೆ ಉತ್ತರವೇ ಬರುವುದಿಲ್ಲ. ಕೇಬಲ್ ಕೆಟ್ಟಿದೆ ಎಂದು ತಿಳಿಯಬಹುದೇ?

ಹಾಗೆ ತಿಳಿಯಬಾರದು. ಪಿಂಗ್ ಎಂದರೆ ಇನ್ನೊಂದು ಕಂಪ್ಯೂಟರ್ ಓಗೊಡುತ್ತದೆಯೇ ಎಂದು ಕೇಳುವ ಆದೇಶ. ವಿಂಡೋಸ್ ಫೈರ್‌ವಾಲ್ ಪಿಂಗಿಗೆ ಉತ್ತರಿಸದಂತೆ ತಡೆದಿರುವುದು ಸಾಮಾನ್ಯ. ಪಿಂಗ್ ಮಾಡಿದ ತಕ್ಷಣ ಎಆರ್‌ಪಿ ಎಂಬ ಆದೇಶವನ್ನು ಇಂಗ್ಲಿಷ್ ಸಣ್ಣ ಅಕ್ಷರಗಳಲ್ಲಿ ಬರೆದು, ಒಂದು ಸ್ಥಳ ಬಿಟ್ಟು, ಅಡ್ಡಗೆರೆ ಮತ್ತು ಎ ಅಕ್ಷರವನ್ನು ಸೇರಿಸಿ (arp -a) ಎಂಟರ್ ಒತ್ತಬೇಕು. ಬರುವ ಪಟ್ಟಿಯಲ್ಲಿ ಆ ಐಪಿ ವಿಳಾಸದ ಎದುರು ಎರಡೆರಡು ಅಕ್ಷರಗಳ ಆರು ಜೋಡಿಗಳಿರುವ ಭೌತಿಕ ವಿಳಾಸ ಕಂಡರೆ, ಕೇಬಲ್ಲೂ ಸ್ವಿಚ್ಚೂ ಸರಿಯಾಗಿವೆ ಎಂದಾಯಿತು; ತಡೆಯುತ್ತಿರುವುದು ಫೈರ್‌ವಾಲ್. ಒಂದೇ ಸಾಲಿನ ವಿಳಾಸಗಳಿದ್ದೂ ಅಲ್ಲಿ ಏನೂ ಕಾಣದಿದ್ದರೆ ದೋಷ ಕೇಬಲ್, ಸ್ವಿಚ್ ಅಥವಾ ವೈಫೈಯಲ್ಲಿದೆ. ಈ ಒಂದು ಪರೀಕ್ಷೆಯನ್ನು ಮಾಡದೆ ಗೋಡೆಯೊಳಗಿನ ಕೇಬಲನ್ನು ಎಳೆಸಿ ಬದಲಿಸಿದ ಕಚೇರಿಗಳು ಹುಬ್ಬಳ್ಳಿಯಲ್ಲಿ ಸಾಕಷ್ಟಿವೆ.

ಕಂಪ್ಯೂಟರಿನ ಜೊತೆಗೆ ಬಂದ ಅಥವಾ ಆಮೇಲೆ ಕೊಂಡ ಆ್ಯಂಟಿವೈರಸ್ ತನ್ನದೇ ಫೈರ್‌ವಾಲನ್ನು ನಡೆಸುತ್ತಿರಬಹುದು. ಹಾಗಿದ್ದಾಗ ವಿಂಡೋಸಿನಲ್ಲಿ ಎಷ್ಟು ಬದಲಾವಣೆ ಮಾಡಿದರೂ ಪರಿಣಾಮವಾಗುವುದಿಲ್ಲ. ಆ ತಂತ್ರಾಂಶದಲ್ಲಿಯೇ ಈ ನೆಟ್‌ವರ್ಕನ್ನು ನಂಬಿಕೆಯದೆಂದು ಗುರುತಿಸಬೇಕು. ಪರೀಕ್ಷೆಗಾಗಿ ಫೈರ್‌ವಾಲನ್ನು ಐದು ನಿಮಿಷ ನಿಲ್ಲಿಸಿ ನೋಡುವುದರಲ್ಲಿ ತಪ್ಪಿಲ್ಲ, ಆದರೆ ‘ಈಗ ನಡೆಯುತ್ತಿದೆಯಲ್ಲ’ ಎಂದು ಹಾಗೆಯೇ ಬಿಟ್ಟುಬಿಡುವುದು ಸರಿಯಲ್ಲ.

ಹೊಸ ರೌಟರ್ ಹಾಕಿದ ದಿನದಿಂದ ಯಾವುದೂ ಕಾಣುತ್ತಿಲ್ಲ. ಹಳೆಯ ರೌಟರಿನಲ್ಲಿ ಎಲ್ಲವೂ ಸರಿಯಾಗಿತ್ತಲ್ಲ?

ರೌಟರ್ ಬದಲಾದೊಡನೆ ವಿಂಡೋಸ್ ಅದನ್ನು ಹೊಸ ನೆಟ್‌ವರ್ಕ್ ಎಂದು ತಿಳಿದು ಪಬ್ಲಿಕ್ ಎಂಬ ಗುಂಪಿಗೆ ಸೇರಿಸುತ್ತದೆ. ಬಸ್ ನಿಲ್ದಾಣದ ವೈಫೈಗೆ ತಕ್ಕದಾದ ಈ ಗುಂಪಿನಲ್ಲಿ ಕಂಪ್ಯೂಟರ್ ತನ್ನನ್ನು ಯಾರಿಗೂ ತೋರಿಸಿಕೊಳ್ಳುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಅಂಡ್ ಇಂಟರ್‌ನೆಟ್ ಭಾಗಕ್ಕೆ ಹೋಗಿ, ಈಥರ್‌ನೆಟ್ ಅಥವಾ ವೈಫೈ ಸಂಪರ್ಕದ ಪ್ರಾಪರ್ಟೀಸ್ ತೆರೆದು, ಪ್ರೈವೇಟ್ ಎಂದು ಬದಲಿಸಬೇಕು. ನಂತರ ಅಡ್ವಾನ್ಸ್‌ಡ್ ಶೇರಿಂಗ್ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಡಿಸ್ಕವರಿ ಮತ್ತು ಫೈಲ್ ಅಂಡ್ ಪ್ರಿಂಟರ್ ಶೇರಿಂಗ್ ಎರಡನ್ನೂ ಆನ್ ಮಾಡಬೇಕು. ಇದನ್ನು ಪ್ರತಿಯೊಂದು ಕಂಪ್ಯೂಟರಿನಲ್ಲಿಯೂ ಮಾಡಬೇಕಾಗುತ್ತದೆ.

ನೆಟ್‌ವರ್ಕ್ ಡಿಸ್ಕವರಿಯನ್ನು ಆನ್ ಮಾಡಿ ಸೇವ್ ಮಾಡಿದರೂ ಅದು ತಾನಾಗಿ ಆಫ್ ಆಗುತ್ತದೆ. ಏನು ಮಾಡಬೇಕು?

ಅದು ಅವಲಂಬಿಸಿರುವ ಸರ್ವಿಸುಗಳಲ್ಲಿ ಯಾವುದೋ ಒಂದು ನಡೆಯುತ್ತಿಲ್ಲ. ಸರ್ವಿಸಸ್ ಕಿಟಕಿಯನ್ನು ತೆರೆದು ಡಿಎನ್‌ಎಸ್ ಕ್ಲೈಂಟ್, ಫಂಕ್ಷನ್ ಡಿಸ್ಕವರಿ ರಿಸೋರ್ಸ್ ಪಬ್ಲಿಕೇಷನ್, ಎಸ್‌ಎಸ್‌ಡಿಪಿ ಡಿಸ್ಕವರಿ ಮತ್ತು ಯುಪಿಎನ್‌ಪಿ ಡಿವೈಸ್ ಹೋಸ್ಟ್ ಈ ನಾಲ್ಕೂ ನಡೆಯುತ್ತಿವೆಯೇ ಎಂದು ನೋಡಬೇಕು. ಇವುಗಳ ಪೈಕಿ ಎರಡನೆಯದೇ ಕಂಪ್ಯೂಟರಿನ ಇರುವಿಕೆಯನ್ನು ಉಳಿದವುಗಳಿಗೆ ಸಾರುವುದು. ಅದನ್ನು ತಡವಾಗಿ ಆರಂಭವಾಗುವ ಆಟೋಮ್ಯಾಟಿಕ್ ವಿಧಕ್ಕೆ ಬದಲಿಸಿದರೆ ಹೆಸರು ಪಟ್ಟಿಯಲ್ಲಿ ನಿಲ್ಲುತ್ತದೆ. ಕಂಪ್ಯೂಟರನ್ನು ವೇಗಗೊಳಿಸುವುದಾಗಿ ಹೇಳುವ ಕ್ಲೀನರ್ ತಂತ್ರಾಂಶಗಳು ಈ ಸರ್ವಿಸುಗಳನ್ನು ಅನವಶ್ಯಕವೆಂದು ನಿಲ್ಲಿಸಿರುವುದೂ ಉಂಟು.

ಕೇಬಲ್ ಹಾಕಿದ ಕಂಪ್ಯೂಟರುಗಳು ಪರಸ್ಪರ ಕಾಣುತ್ತವೆ, ವೈಫೈಯಲ್ಲಿರುವ ಲ್ಯಾಪ್‌ಟಾಪಿಗೆ ಮಾತ್ರ ಕಾಣುವುದಿಲ್ಲ. ಕಾರಣವೇನು?

ಲ್ಯಾಪ್‌ಟಾಪು ಗೆಸ್ಟ್ ವೈಫೈಗೆ ಸೇರಿಕೊಂಡಿರಬಹುದು, ಇಲ್ಲವೇ ರೌಟರಿನಲ್ಲಿ ಎಪಿ ಐಸೊಲೇಷನ್ ಅಥವಾ ಕ್ಲೈಂಟ್ ಐಸೊಲೇಷನ್ ಎಂಬ ಆಯ್ಕೆ ಆನ್ ಆಗಿರಬಹುದು. ಎರಡರ ಉದ್ದೇಶವೂ ವೈಫೈ ಬಳಸುವವರನ್ನು ಇಂಟರ್‌ನೆಟ್ಟಿಗಷ್ಟೇ ಬಿಟ್ಟು ಬೇರೆಯವರಿಂದ ದೂರವಿಡುವುದು. ಲ್ಯಾಪ್‌ಟಾಪಿನ ಸಂಪರ್ಕವನ್ನು ಬೇರೆ ಸರ್ವರಿನ ಮೂಲಕ ಸುತ್ತಿಸುವ ವಿಪಿಎನ್ ಚಾಲೂ ಇದ್ದರೂ ಇದೇ ಲಕ್ಷಣ ಕಾಣುತ್ತದೆ.

ಕಂಪ್ಯೂಟರ್ ಕಾಣುತ್ತದೆ, ಆದರೆ ಕ್ಲಿಕ್ ಮಾಡಿದರೆ ಯೂಸರ್‌ನೇಮ್ ಮತ್ತು ಪಾಸ್‌ವರ್ಡ್ ಕೇಳುತ್ತದೆ. ಸರಿಯಾಗಿ ಕೊಟ್ಟರೂ ಒಪ್ಪುವುದಿಲ್ಲ.

ಇಷ್ಟರ ಮಟ್ಟಿಗೆ ಬಂದಿದ್ದರೆ ನೆಟ್‌ವರ್ಕ್ ಸರಿಯಾಗಿದೆ. ಉಳಿದದ್ದು ಅನುಮತಿಯ ವಿಚಾರ. ಮೊದಲನೆಯದಾಗಿ, ಕೇಳುತ್ತಿರುವುದು ಎದುರಿನ ಕಂಪ್ಯೂಟರಿನ ಯೂಸರ್‌ನೇಮ್ ಮತ್ತು ಪಾಸ್‌ವರ್ಡನ್ನು, ನೀವು ಕುಳಿತಿರುವ ಕಂಪ್ಯೂಟರಿನದನ್ನಲ್ಲ. ಎರಡನೆಯದಾಗಿ, ನಾಲ್ಕು ಅಂಕಿಗಳ ಪಿನ್ ಆ ಯಂತ್ರದ ಮುಂದೆ ಕುಳಿತವರಿಗಷ್ಟೇ ನಡೆಯುತ್ತದೆ; ನೆಟ್‌ವರ್ಕಿನ ಮೂಲಕ ಬರುವಾಗ ಪಾಸ್‌ವರ್ಡೇ ಬೇಕು. ಮೂರನೆಯದಾಗಿ, ಪಾಸ್‌ವರ್ಡ್ ಇಲ್ಲದ ಖಾತೆಯನ್ನು ವಿಂಡೋಸ್ ನೆಟ್‌ವರ್ಕಿನ ಮೂಲಕ ಒಳಗೆ ಬಿಡುವುದಿಲ್ಲ. ಅಂಗಡಿಯ ಕಂಪ್ಯೂಟರಿಗೆ ಪಾಸ್‌ವರ್ಡ್ ಏತಕ್ಕೆ ಎಂದು ಖಾಲಿ ಬಿಟ್ಟಿರುವ ಕಡೆಗಳಲ್ಲೆಲ್ಲ ಈ ತೊಂದರೆ ಬಂದೇ ಬರುತ್ತದೆ.

ಮಾಲೀಕರ ಸ್ವಂತ ಮೈಕ್ರೋಸಾಫ್ಟ್ ಖಾತೆಯ ಪಾಸ್‌ವರ್ಡನ್ನು ಎಲ್ಲ ಕಂಪ್ಯೂಟರುಗಳಲ್ಲಿ ಉಳಿಸಿಡುವ ಬದಲು, ಫೈಲುಗಳಿರುವ ಕಂಪ್ಯೂಟರಿನಲ್ಲಿ ಹಂಚಿಕೆಗೆಂದೇ ಒಂದು ಲೋಕಲ್ ಖಾತೆಯನ್ನು ಪಾಸ್‌ವರ್ಡ್ ಸಹಿತ ತೆರೆದು, ಅದಕ್ಕೆ ಬೇಕಾದ ಫೋಲ್ಡರಿನ ಅನುಮತಿಯನ್ನು ಮಾತ್ರ ಕೊಡುವುದು ಉತ್ತಮ. ಅನುಮತಿಯನ್ನು ಶೇರಿಂಗ್ ಮತ್ತು ಸೆಕ್ಯುರಿಟಿ ಎಂಬ ಎರಡು ಟ್ಯಾಬುಗಳಲ್ಲಿಯೂ ಕೊಡಬೇಕು. ಎರಡರಲ್ಲಿ ಯಾವುದು ಬಿಗಿಯಾಗಿದೆಯೋ ಅದೇ ನಡೆಯುತ್ತದೆ. ಹಿಂದೆ ಉಳಿಸಿಟ್ಟ ತಪ್ಪು ಪಾಸ್‌ವರ್ಡ್ ಅಡ್ಡಬರುತ್ತಿದ್ದರೆ ಕ್ರೆಡೆನ್ಷಿಯಲ್ ಮ್ಯಾನೇಜರಿನಲ್ಲಿ ಅದನ್ನು ಅಳಿಸಬೇಕು.

2024ರಲ್ಲಿ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿಯಲ್ಲಿ ಎಸ್‌ಎಂಬಿ (ವಿಂಡೋಸ್ ಫೈಲುಗಳನ್ನು ಹಂಚಲು ಬಳಸುವ ವಿಧಾನ) ಸಹಿಯನ್ನು ಕಡ್ಡಾಯ ಮಾಡಲಾಗಿದೆ ಮತ್ತು ಪ್ರೊ ಆವೃತ್ತಿಯಲ್ಲಿ ಗೆಸ್ಟ್ ಆಗಿ ಒಳಹೋಗುವ ದಾರಿಯನ್ನೂ ಮುಚ್ಚಲಾಗಿದೆ. ರೌಟರಿನ ಯುಎಸ್‌ಬಿಗೆ ಹಾಕಿದ ಹಾರ್ಡ್‌ಡಿಸ್ಕ್ ಅಥವಾ ಹಳೆಯ ನ್ಯಾಸ್ ಪೆಟ್ಟಿಗೆ (ನೆಟ್‌ವರ್ಕಿಗೆ ನೇರವಾಗಿ ಜೋಡಿಸುವ ಹಾರ್ಡ್‌ಡಿಸ್ಕ್ ಪೆಟ್ಟಿಗೆ) ಅಪ್‌ಡೇಟ್ ಆದ ಮರುದಿನದಿಂದ ತೆರೆಯುತ್ತಿಲ್ಲವಾದರೆ ಕಾರಣ ಇದೇ ಇರಬಹುದು. ಆ ಪೆಟ್ಟಿಗೆಯಲ್ಲಿಯೇ ಯೂಸರ್ ಮತ್ತು ಪಾಸ್‌ವರ್ಡ್ ಇಡುವುದು, ಸಾಧ್ಯವಿದ್ದರೆ ಅದರ ತಂತ್ರಾಂಶವನ್ನು ಹೊಸದಾಗಿಸುವುದು ಸರಿಯಾದ ಮಾರ್ಗ.

ನಮ್ಮ ಪ್ರೆಸ್ಸಿನಲ್ಲಿ ಹಳೆಯ ಯಂತ್ರವೊಂದಕ್ಕೆ ಜೋಡಿಸಿದ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರ್ ಇದೆ. ಹೊಸ ಕಂಪ್ಯೂಟರುಗಳಿಗೆ ಅದು ಕಾಣುವುದೇ ಇಲ್ಲ.

ಗದಗಿನಂಥ ಮುದ್ರಣದ ಊರಿನಲ್ಲಿ ಈ ಪ್ರಶ್ನೆ ಸಹಜವೇ ಆಗಿದೆ. ಲಕ್ಷಗಟ್ಟಲೆ ಬೆಲೆಯ ಯಂತ್ರ ಇನ್ನೂ ಗಟ್ಟಿಯಾಗಿರುವಾಗ ಅದರ ಕಂಪ್ಯೂಟರ್ ಹಳೆಯದಾಯಿತೆಂದು ಯಂತ್ರವನ್ನು ಯಾರೂ ಎಸೆಯುವುದಿಲ್ಲ. ಎಕ್ಸ್‌ಪಿಗೆ ಗೊತ್ತಿರುವುದು ಎಸ್‌ಎಂಬಿಯ ಮೊದಲನೆಯ ಆವೃತ್ತಿ ಮಾತ್ರ. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಹಬ್ಬಿದ ವನ್ನಾಕ್ರೈ ಎಂಬ ಕುತಂತ್ರಾಂಶ ಇದೇ ಆವೃತ್ತಿಯ ದೋಷದ ಮೂಲಕ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಹರಿದು ಫೈಲುಗಳಿಗೆ ಬೀಗ ಹಾಕಿತ್ತು. ಅದೇ ವರ್ಷದ ಕೊನೆಯಲ್ಲಿ ಬಂದ ವಿಂಡೋಸ್ 10ರ 1709 ಆವೃತ್ತಿಯಿಂದ ಹೊಸದಾಗಿ ಹಾಕಿದ ಕಂಪ್ಯೂಟರುಗಳಲ್ಲಿ ಎಸ್‌ಎಂಬಿಯ ಈ ಮೊದಲನೆಯ ಆವೃತ್ತಿ ತಾನಾಗಿ ಇರುವುದಿಲ್ಲ.

ಹೊಸ ಕಂಪ್ಯೂಟರುಗಳಲ್ಲಿ ಅದನ್ನು ಮತ್ತೆ ಹಾಕಿಕೊಳ್ಳಲು ಸಾಧ್ಯವಿದ್ದರೂ ಹಾಗೆ ಮಾಡಬಾರದು. ಪ್ಲೇಟಿಗೆ ಹೋಗುವ ಫೈಲನ್ನು ಪೆನ್‌ಡ್ರೈವಿನಲ್ಲಿ ಒಯ್ಯುವುದು ತೊಂದರೆಯೆನಿಸಿದರೂ ಸುರಕ್ಷಿತವಾಗಿದೆ. ಅದು ಆಗದಿದ್ದರೆ, ಎರಡೂ ಕಡೆಯ ಭಾಷೆ ಬಲ್ಲ ಒಂದು ಮಧ್ಯವರ್ತಿ ಕಂಪ್ಯೂಟರನ್ನು ಇಟ್ಟು, ಎಕ್ಸ್‌ಪಿ ಕಂಪ್ಯೂಟರಿಗೆ ಇಂಟರ್‌ನೆಟ್ ಸಿಗದಂತೆ ಮಾಡಿ, ಫೈಲುಗಳನ್ನು ಆ ಮಧ್ಯವರ್ತಿಯ ಮೂಲಕ ದಾಟಿಸಬಹುದು. ವಿಂಡೋಸ್ 7ಕ್ಕೆ ಎರಡನೆಯ ಆವೃತ್ತಿಯೂ ಗೊತ್ತಿರುವುದರಿಂದ, ಅದಕ್ಕಾಗಿ ಹಳೆಯದನ್ನು ಹಾಕಿಸಲೇಬೇಕೆಂದು ಯಾರಾದರೂ ಹೇಳಿದರೆ ಒಪ್ಪಬೇಕಾಗಿಲ್ಲ.

ಶೇರ್ ಮಾಡಿದ ಪ್ರಿಂಟರ್ ಸೇರಿಸುವಾಗ ಕೊನೆಯಲ್ಲಿ 11ಬಿ ಎಂದಿರುವ ದೋಷ ಸಂಖ್ಯೆ ಬರುತ್ತದೆ.

2021ರ ಸೆಪ್ಟೆಂಬರಿನ ಸುರಕ್ಷಾ ಅಪ್‌ಡೇಟುಗಳ ನಂತರ ಈ ಸಂಖ್ಯೆ ಮನೆಮಾತಾಯಿತು. ಒಂದು ಕಂಪ್ಯೂಟರಿಗೆ ಅಪ್‌ಡೇಟ್ ಆಗಿ ಇನ್ನೊಂದಕ್ಕೆ ಆಗಿರದಿದ್ದರೆ ಎರಡಕ್ಕೂ ಹೊಂದಾಣಿಕೆಯಾಗುವುದಿಲ್ಲ. ಆದ್ದರಿಂದ ಎರಡನ್ನೂ ಪೂರ್ತಿ ಅಪ್‌ಡೇಟ್ ಮಾಡಿ ನೋಡಬೇಕು. ರಿಜಿಸ್ಟ್ರಿಯಲ್ಲಿ ಒಂದು ಸಾಲು ಸೇರಿಸಿ ತಾತ್ಕಾಲಿಕವಾಗಿ ದಾಟಬಹುದಾದರೂ ಅದು ಆ ರಕ್ಷಣೆಯನ್ನೇ ತೆಗೆದುಹಾಕಿದಂತಾಗುತ್ತದೆ. ಪ್ರಿಂಟರಿನಲ್ಲಿ ಲ್ಯಾನ್ ಪೋರ್ಟ್ ಅಥವಾ ವೈಫೈ ಇದ್ದರೆ ಅದನ್ನು ನೇರವಾಗಿ ರೌಟರಿಗೆ ಸೇರಿಸಿ, ಪ್ರತಿ ಕಂಪ್ಯೂಟರಿನಲ್ಲಿಯೂ ಐಪಿ ವಿಳಾಸದಿಂದ ಹಾಕಿಕೊಂಡರೆ ಶೇರ್ ಮಾಡುವ ಗೋಜೇ ಇರುವುದಿಲ್ಲ.

ಕೇಬಲ್ಲಿನ ದೋಷವನ್ನು ಗುರುತಿಸುವುದು ಹೇಗೆ?

ಕೇಬಲ್ ಹಾಕಿದ ಪೋರ್ಟಿನ ಸಣ್ಣ ದೀಪ ಹತ್ತದಿದ್ದರೆ ಬೇರೆ ಪರೀಕ್ಷೆ ಬೇಡ. ದೀಪ ಹತ್ತಿದ ಮಾತ್ರಕ್ಕೆ ಕೇಬಲ್ ಸರಿಯಿದೆಯೆಂದೂ ಹೇಳಲಾಗದು. 100 ಎಂಬಿಪಿಎಸ್ ವೇಗಕ್ಕೆ ಎಂಟು ತಂತಿಗಳ ಪೈಕಿ 1, 2, 3 ಮತ್ತು 6ನೆಯವು ಸಾಕು; ಗಿಗಾಬಿಟ್ ವೇಗಕ್ಕೆ ಎಂಟೂ ಬೇಕು. ಎರಡೂ ತುದಿಯ ಪೋರ್ಟುಗಳು ಗಿಗಾಬಿಟ್ ಆಗಿದ್ದು, ಕೇಬಲ್ ಹೊಸದಾಗಿದ್ದೂ ಸಂಪರ್ಕದ ವೇಗ 100 ಎಂದಷ್ಟೇ ತೋರಿಸುತ್ತಿದ್ದರೆ ಕನೆಕ್ಟರಿನಲ್ಲಿ ಯಾವುದೋ ತಂತಿ ಸರಿಯಾಗಿ ಕೂತಿಲ್ಲವೆಂದು ಊಹಿಸಬಹುದು. ಕ್ರಿಂಪ್ ಮಾಡುವಾಗ ಎರಡೂ ತುದಿಗಳಲ್ಲಿ ಕಿತ್ತಳೆ-ಬಿಳಿ, ಕಿತ್ತಳೆ, ಹಸಿರು-ಬಿಳಿ, ನೀಲಿ, ನೀಲಿ-ಬಿಳಿ, ಹಸಿರು, ಕಂದು-ಬಿಳಿ, ಕಂದು ಎಂಬ ಒಂದೇ ಕ್ರಮವಿರಬೇಕು. ತಾಮ್ರದ ಲೇಪವಿರುವ ಅಲ್ಯೂಮಿನಿಯಂ ತಂತಿಯ ಅಗ್ಗದ ಕೇಬಲ್ ಬಾಗಿಸಿದಲ್ಲಿ ಬೇಗ ತುಂಡಾಗುತ್ತದೆ. ತಾಮ್ರದ ಕೇಬಲ್ ಸ್ವಿಚ್ಚಿನಿಂದ ಕಂಪ್ಯೂಟರಿನವರೆಗೆ 100 ಮೀಟರ್ ಮೀರಬಾರದು.

ಏಪ್ರಿಲ್-ಮೇ ತಿಂಗಳ ಸಂಜೆಯ ಗುಡುಗು ಮಳೆಯ ಮರುದಿನ ಒಂದೆರಡು ಕಂಪ್ಯೂಟರುಗಳಷ್ಟೇ ನೆಟ್‌ವರ್ಕಿನಿಂದ ಕಾಣೆಯಾದರೆ ಅವುಗಳ ಲ್ಯಾನ್ ಪೋರ್ಟನ್ನು ಮೊದಲು ಶಂಕಿಸಬೇಕು. ಅಂಗಡಿಯಿಂದ ರಸ್ತೆಯಾಚೆಯ ಗೋದಾಮಿಗೆ ತಾಮ್ರದ ಕೇಬಲನ್ನು ಗಾಳಿಯಲ್ಲಿ ಎಳೆದಿರುವ ಕಡೆಗಳಲ್ಲಿ ಹತ್ತಿರದಲ್ಲೆಲ್ಲೋ ಬಿದ್ದ ಸಿಡಿಲಿನ ಸೆಳೆತವೂ ಪೋರ್ಟುಗಳನ್ನು ಸುಡಬಲ್ಲದು. ಎರಡು ಕಟ್ಟಡಗಳ ನಡುವೆ ಫೈಬರ್ ಎಳೆಯುವುದೇ ಇದಕ್ಕೆ ಉಪಾಯ, ಏಕೆಂದರೆ ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ.

ಇದಕ್ಕೆ ವಿರುದ್ಧವಾದ ಲಕ್ಷಣವೂ ಒಂದಿದೆ: ಸ್ವಿಚ್ಚಿನ ಎಲ್ಲ ದೀಪಗಳು ಒಟ್ಟಿಗೆ ಬಿಡದೆ ಮಿನುಗುತ್ತಿದ್ದು, ಯಾವ ಕಂಪ್ಯೂಟರಿಗೂ ಏನೂ ತೆರೆಯುವುದಿಲ್ಲ. ಒಂದು ತುದಿ ಸ್ವಿಚ್ಚಿನಲ್ಲಿಯೇ ಇದ್ದು, ಕಸ ಗುಡಿಸುವಾಗ ಬಿದ್ದ ಕೇಬಲ್ಲಿನ ಇನ್ನೊಂದು ತುದಿಯನ್ನು ಯಾರೋ ಖಾಲಿ ಪೋರ್ಟ್ ಕಂಡು ಅದೇ ಸ್ವಿಚ್ಚಿಗೆ ಚುಚ್ಚಿರುತ್ತಾರೆ. ಆ ಕೇಬಲನ್ನು ಕಿತ್ತರೆ ಕೆಲವೇ ಕ್ಷಣಗಳಲ್ಲಿ ಎಲ್ಲವೂ ಸರಿಹೋಗುತ್ತದೆ.

ಟ್ಯೂಷನ್ ಕ್ಲಾಸಿನ ಎಲ್ಲ ಕಂಪ್ಯೂಟರುಗಳನ್ನು ಒಂದೇ ಹಾರ್ಡ್‌ಡಿಸ್ಕಿನಿಂದ ನಕಲು ಮಾಡಿ ಹಾಕಿಸಿದ್ದೇವೆ. ಇದರಿಂದ ತೊಂದರೆಯೇ?

ಹೌದು. ಎಲ್ಲಕ್ಕೂ ಒಂದೇ ಹೆಸರಿದ್ದರೆ ಹೆಸರಿನ ಘರ್ಷಣೆಯಾಗುತ್ತದೆ. ಪ್ರತಿಯೊಂದಕ್ಕೂ ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳಲ್ಲಿ, 15 ಅಕ್ಷರ ಮೀರದಂತೆ, ಬೇರೆ ಬೇರೆ ಹೆಸರಿಡಬೇಕು. ಹೆಸರು ಬದಲಿಸಿದರೂ ಒಳಗಿನ ಎಸ್‌ಐಡಿ ಎಂಬ ಗುರುತು ಒಂದೇ ಆಗಿ ಉಳಿಯುತ್ತದೆ. ಬಹಳ ಕಾಲ ಇದರಿಂದ ಬಾಧೆಯಿರಲಿಲ್ಲ. 2025ರ ಆಗಸ್ಟ್ ಕೊನೆಯಿಂದ ಬಂದ ಅಪ್‌ಡೇಟುಗಳ ನಂತರ ವಿಂಡೋಸ್ 11ರ 24ಎಚ್2 ಮತ್ತು ಮುಂದಿನ ಆವೃತ್ತಿಗಳು ಒಂದೇ ಎಸ್‌ಐಡಿ ಇರುವ ಕಂಪ್ಯೂಟರುಗಳ ನಡುವಿನ ಲಾಗಿನ್ನನ್ನು ತಿರಸ್ಕರಿಸುತ್ತಿವೆ. ನಕಲು ಮಾಡುವ ಮುನ್ನ ಮೂಲ ಕಂಪ್ಯೂಟರಿನಲ್ಲಿ ವಿಂಡೋಸಿನದೇ ಸಾಧನವಾದ ಸಿಸ್‌ಪ್ರೆಪ್ ನಡೆಸಿ ಈ ಗುರುತನ್ನು ತೆಗೆಯುವುದು ಮೊದಲಿನಿಂದಲೂ ಇದ್ದ ಕ್ರಮ. ಹಾಗೆ ಮಾಡಿರದಿದ್ದರೆ ಮತ್ತೊಮ್ಮೆ ವಿಂಡೋಸ್ ಹಾಕಿಸಬೇಕಾಗಬಹುದು.

ಲಿನಕ್ಸ್ ಕಂಪ್ಯೂಟರಿನಲ್ಲಿ ಸಾಂಬಾ ಹಾಕಿದ್ದೇವೆ. ಐಪಿಯಿಂದ ತೆರೆಯುತ್ತದೆ, ಪಟ್ಟಿಯಲ್ಲಿ ಬರುವುದಿಲ್ಲ.

ಲಿನಕ್ಸಿನ ಫೋಲ್ಡರುಗಳನ್ನು ವಿಂಡೋಸಿಗೆ ಹಂಚುವ ತಂತ್ರಾಂಶವಾದ ಸಾಂಬಾ ಡಬ್ಲ್ಯೂಎಸ್-ಡಿಸ್ಕವರಿಯಲ್ಲಿ ತನ್ನನ್ನು ಸಾರಿಕೊಳ್ಳುವುದಿಲ್ಲ. ಡಬ್ಲ್ಯೂಎಸ್‌ಡಿಡಿ ಎಂಬ ಸಣ್ಣ ತಂತ್ರಾಂಶವನ್ನು ಅದರ ಜೊತೆಗೆ ಹಾಕಿದರೆ ಹೆಸರು ಬರುತ್ತದೆ.

ಧಾರವಾಡದ ಸಪ್ತಾಪುರದಲ್ಲಿ ಪಿ.ಜಿ.ಯೊಂದರಲ್ಲಿದ್ದೇವೆ. ಒಂದೇ ವೈಫೈಯಲ್ಲಿರುವ ನಮ್ಮಿಬ್ಬರ ಲ್ಯಾಪ್‌ಟಾಪುಗಳು ಒಂದಕ್ಕೊಂದು ಕಾಣುವುದಿಲ್ಲ.

ಹತ್ತಾರು ಅಪರಿಚಿತರು ಬಳಸುವ ವೈಫೈಯಲ್ಲಿ ಹಾಗೆ ಕಾಣದಿರುವುದೇ ಒಳ್ಳೆಯದು. ರೌಟರ್ ನಿಮ್ಮದಲ್ಲವಾದ್ದರಿಂದ ಅಲ್ಲಿ ಬದಲಿಸುವಂಥದ್ದೂ ಏನಿಲ್ಲ. ಇಬ್ಬರೂ ಒಬ್ಬರ ಮೊಬೈಲ್ ಹಾಟ್‌ಸ್ಪಾಟಿಗೆ ಸೇರಿಕೊಂಡು, ಎರಡರಲ್ಲಿಯೂ ಆ ಸಂಪರ್ಕವನ್ನು ಪ್ರೈವೇಟ್ ಮಾಡಿ ಪ್ರಯತ್ನಿಸಬಹುದು. ಎರಡಕ್ಕೂ ಲ್ಯಾನ್ ಪೋರ್ಟ್ ಇದ್ದರೆ ಒಂದು ಸಾಮಾನ್ಯ ಕೇಬಲನ್ನು ನೇರವಾಗಿ ಒಂದರಿಂದ ಇನ್ನೊಂದಕ್ಕೆ ಹಾಕಿದರೂ ನಡೆಯುತ್ತದೆ. ಗಿಗಾಬಿಟ್ ಪೋರ್ಟುಗಳು ತಂತಿಗಳ ಅದಲುಬದಲನ್ನು ತಾವೇ ಮಾಡಿಕೊಳ್ಳುವುದರಿಂದ ಹಿಂದಿನಂತೆ ಕ್ರಾಸ್ ಕೇಬಲ್ ಬೇಕಾಗಿಲ್ಲ. ಆಗ ಎರಡೂ 169.254 ಸಾಲಿನ ವಿಳಾಸಗಳನ್ನು ತೆಗೆದುಕೊಳ್ಳುತ್ತವೆ. ಈ ಒಂದು ಸಂದರ್ಭದಲ್ಲಿ ಅದು ದೋಷವಲ್ಲ, ಆ ವಿಳಾಸದಿಂದಲೇ ಫೋಲ್ಡರನ್ನು ತೆರೆಯಬಹುದು.